ಐ5-2400 ಪ್ರೊಸೆಸರ್‌ನಲ್ಲಿ ಆಟ ಐದೇ ನಿಮಿಷಕ್ಕೆ ಕುಸಿಯುತ್ತದೆ: ಹಳೆಯ ಐ7 ಹಾಕಲೇ?

ಸುಂಟಿಕೊಪ್ಪದಿಂದ, ಪ್ರಶ್ನೆ:
ತೋಟದ ಲೆಕ್ಕ ಬರೆಯಲು ಅಪ್ಪ ತಂದಿದ್ದ ಕಂಪ್ಯೂಟರ್ ಈಗ ನನ್ನ ಕೋಣೆಗೆ ಬಂದಿದೆ. ಐ5-2400, ಎಚ್61 ಮದರ್‌ಬೋರ್ಡ್, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, ಒಂದು ಎಸ್‌ಎಸ್‌ಡಿ. ಕಳೆದ ತಿಂಗಳು ಬಳಸಿದ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿತು, ಹಾಕಿದೆ. ಜಿಟಿಎ 5 ಆಟ ಮೊದಲ ಐದು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಸೆಕೆಂಡಿಗೆ ಹದಿನೈದು, ಇಪ್ಪತ್ತು ಫ್ರೇಮ್‌ಗೆ (ಚಿತ್ರಗಳಿಗೆ) ಇಳಿದು ಅಲ್ಲೇ ಕೂರುತ್ತದೆ. ಮೈಸೂರಿನಲ್ಲಿ ಒಬ್ಬರು ಐ7-3770 ಅನ್ನು ಮೂರು ಸಾವಿರಕ್ಕೆ ಕೊಡುತ್ತಾರಂತೆ. ಕೈಯಲ್ಲಿರುವುದು ಆರು ಸಾವಿರ. ತೆಗೆದುಕೊಳ್ಳಲೇ ಅಣ್ಣಂದಿರೇ?

ಗೋಣಿಕೊಪ್ಪಲಿನಿಂದ:
ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ. ನಾಲ್ಕು ಕೋರ್, ಎಂಟು ಥ್ರೆಡ್, ಅಂದರೆ ಒಂದೇ ಹೊತ್ತಿಗೆ ಎಂಟು ಕೆಲಸ. ಬೋರ್ಡ್ ಮೇಲೆ ಚಿಪ್ ಕೂರುವ ಜಾಗವೂ ಅದೇ 1155 ಸಾಕೆಟ್, ಕೂಡಿಸಿದರೆ ಮುಗಿಯಿತು.

ಮಡಿಕೇರಿಯಿಂದ:
ಕಣ್ಣು ತೆರೆದೇ ಇರಲಿ. ಆ ಆಟಕ್ಕೆ ತಯಾರಕರೇ ಶಿಫಾರಸು ಮಾಡಿದ್ದು ಐ5-3470. ನಿಮ್ಮದು ಅದಕ್ಕಿಂತ ಒಂದೇ ತಲೆಮಾರು ಹಿಂದಿನದು. ಅದಕ್ಕೂ ನಾಲ್ಕು ಕೋರ್, ಇದಕ್ಕೂ ನಾಲ್ಕು. ಪ್ರೊಸೆಸರ್ ಸಾಲದಿದ್ದರೆ ಮೊದಲ ನಿಮಿಷದಿಂದಲೇ ಸಾಲುತ್ತಿರಲಿಲ್ಲ. ಐದು ನಿಮಿಷ ಓಡಿ ಕುಸಿಯುವುದು ಬಿಸಿಯ ಲಕ್ಷಣ. ಆಟ ಓಡುತ್ತಿರುವಾಗ ಕೋರ್‌ಗಳ ಉಷ್ಣಾಂಶ ಎಷ್ಟು, ವೇಗ ಎಷ್ಟು ನೋಡಿ ಹೇಳಿ. ಆ ಎರಡು ಅಂಕಿ ಸಿಗುವವರೆಗೆ ಮೈಸೂರಿನವರಿಗೆ ಫೋನ್ ಮಾಡಬೇಡಿ.

ಸುಂಟಿಕೊಪ್ಪದಿಂದ:
ನೋಡಿದೆ. 97 ಡಿಗ್ರಿ! ವೇಗ 1.6 ಗಿಗಾಹರ್ಟ್ಸ್‌ಗೆ ಇಳಿಯುತ್ತಿದೆ. ಹೊರಗೆ ಮಳೆ, ನಾನು ಸ್ವೆಟರ್ ಹಾಕಿಕೊಂಡು ಕೂತಿದ್ದೇನೆ.

ಮಡಿಕೇರಿಯಿಂದ:
ಆ ಚಿಪ್ ಸಹಿಸುವ ಮಿತಿಯೇ 98 ಡಿಗ್ರಿ. ಸುಟ್ಟುಹೋಗದಿರಲೆಂದು ಅದೇ ವೇಗ ತಗ್ಗಿಸಿಕೊಳ್ಳುತ್ತಿದೆ. 3770 ಹಾಕಿದ್ದರೂ ಇದೇ ಗತಿಯಾಗುತ್ತಿತ್ತು. ಕರೆಂಟ್ ವೈರ್ ಕಿತ್ತು, ಬದಿಯ ಮುಚ್ಚಳ ತೆಗೆದು, ಪ್ರೊಸೆಸರ್ ಮೇಲಿನ ಫ್ಯಾನ್‌ನ ನಾಲ್ಕು ಮೂಲೆಯ ಕಪ್ಪು ಪಿನ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಅಲ್ಲಾಡಿಸಿ. ಚಿಪ್ ಜೊತೆ ಬರುವ ಕಂಪನಿ ಕೂಲರ್‌ನಲ್ಲಿ ಒಂದು ಪಿನ್ ಸಡಿಲವಾದರೂ ಸಾಕು, ಆ ಬದಿ ಕೂದಲೆಳೆಯಷ್ಟು ಮೇಲೆದ್ದು ಚಿಪ್‌ಗೆ ತಾಗದಂತಾಗುತ್ತದೆ. ಪಿನ್ ತಲೆಯ ಬಾಣದ ದಿಕ್ಕಿಗೆ ತಿರುಗಿಸುವುದು ಬಿಚ್ಚಲು. ಮತ್ತೆ ಕೂಡಿಸುವ ಮೊದಲು ಅದನ್ನು ಹಿಂದಕ್ಕೆ ತಿರುಗಿಸಿ, ಕರ್ಣಕ್ಕೆ ಎದುರಾದ ಪಿನ್‌ಗಳನ್ನು ಜೋಡಿಯಾಗಿ ಒತ್ತಿ. ‘ಟಕ್’ ಎನ್ನಬೇಕು. ಚಿಪ್‌ನ ಬಿಸಿ ಕೂಲರ್‌ಗೆ ಸಾಗಲೆಂದು ಹಚ್ಚಿರುವ ಹಳೆಯ ಪೇಸ್ಟ್ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟೇ ಹಾಕಿ.

ಸುಂಟಿಕೊಪ್ಪದಿಂದ:
ಕಿಟಕಿ ಬದಿಯ ಒಂದು ಪಿನ್ ಸುಮ್ಮನೆ ನೇತಾಡುತ್ತಿತ್ತು. ಪೇಸ್ಟ್ ಒಣಗಿ ಗೋಡೆಯ ಸುಣ್ಣದಂತೆ ಉದುರಿತು. ಫ್ಯಾನ್ ಕೆಳಗೆ ಧೂಳು, ಅದರ ಮೇಲೆ ಬೂಷ್ಟು. ಎಲ್ಲ ಸ್ವಚ್ಛ ಮಾಡಿ ಕೂಡಿಸಿದೆ. ಈಗ 68 ಡಿಗ್ರಿ ದಾಟುತ್ತಿಲ್ಲ, ಫ್ರೇಮ್ ಐವತ್ತರ ಮೇಲಿದೆ. ಆದರೆ ಪೇಟೆಯೊಳಗೆ ಕಾರು ಜೋರಾಗಿ ಓಡಿಸಿದರೆ ಈಗಲೂ ತಡವರಿಸುತ್ತದೆ. ಆಗ ನಾಲ್ಕೂ ಕೋರ್ 100 ಪ್ರತಿಶತ, ಗ್ರಾಫಿಕ್ಸ್ ಕಾರ್ಡ್ 60.

ಮಡಿಕೇರಿಯಿಂದ:
ಇದು ನಿಜವಾಗಿಯೂ ಪ್ರೊಸೆಸರ್‌ನ ಕೊರತೆ. ಕಾರ್ಡ್ ಖಾಲಿ ಕೂತು ಕಾಯುತ್ತಿದೆ, ನಾಲ್ಕು ಥ್ರೆಡ್ ಸಾಲುತ್ತಿಲ್ಲ. ಎಂಟು ಥ್ರೆಡ್ ಬೇಕೆಂದರೆ ಈ ಬೋರ್ಡಿಗೆ ಎರಡು ದಾರಿ. 2012ರ ಐ7-3770 ತುಸು ವೇಗದ್ದು, 95 ವ್ಯಾಟ್ ಬದಲು 77 ವ್ಯಾಟ್ ಸಾಕು. ಆದರೆ ಹಳೆಯ ಎಚ್61 ಬೋರ್ಡ್ ಅದನ್ನು ಗುರುತಿಸಬೇಕಾದರೆ, 2400 ಕೂತಿರುವಾಗಲೇ ಬಯೋಸ್ (ಬೋರ್ಡ್ ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಮಾಡಬೇಕಾಗಬಹುದು. ಐ7-2600 ನಿಮ್ಮ ಚಿಪ್‌ನ ತಲೆಮಾರಿನದೇ, ಬದಲಿಸಿದರೆ ಸಾಮಾನ್ಯವಾಗಿ ಹಾಗೆಯೇ ಓಡುತ್ತದೆ. ನಾನಾದರೆ 2600 ಹುಡುಕುತ್ತೇನೆ.

ಗೋಣಿಕೊಪ್ಪಲಿನಿಂದ:
ಮೊದಲಿನ ನನ್ನ ಮಾತು ವಾಪಸ್. ಬಯೋಸ್ ವಿಷಯ ಮರೆತಿದ್ದೆ, ಮರೆಯಬಾರದವನೇ ಮರೆತೆ. ಹಿಂದೊಂದು ಜುಲೈನಲ್ಲಿ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಯುಪಿಎಸ್ ಇರಲಿಲ್ಲ. ಆ ಬೋರ್ಡ್ ಮತ್ತೆ ಏಳಲೇ ಇಲ್ಲ. ನಮ್ಮ ಮಳೆಗಾಲದಲ್ಲಿ ಬ್ಯಾಟರಿ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಕುಶಾಲನಗರದಿಂದ:
ಎರಡನ್ನೂ ಬಿಟ್ಟು ಹಣ ಕೂಡಿಸಿ ಎನ್ನುತ್ತೇನೆ. 2600, 3770 ಎರಡರಲ್ಲೂ ಎವಿಎಕ್ಸ್2 ಎಂಬ ಲೆಕ್ಕದ ಸೂಚನೆಗಳ ಗುಂಪು ಇಲ್ಲ. ಅದು ಬಂದದ್ದು 2013ರ ನಾಲ್ಕನೇ ತಲೆಮಾರಿನಿಂದ. ಅದಿಲ್ಲದೆ ಕೆಲವು ಹೊಸ ಆಟಗಳು ತೆರೆಯುವುದೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಈ ಚಿಪ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. 2022ರ ಐ3-12100ಎಫ್‌ಗೂ ನಾಲ್ಕೇ ಕೋರ್, ಎಂಟೇ ಥ್ರೆಡ್. ಆದರೆ ಒಂದೊಂದು ಕೋರ್‌ನ ಕಸುವಿನಲ್ಲಿ ಅಜಗಜಾಂತರ. ಎಚ್610 ಬೋರ್ಡ್, ಡಿಡಿಆರ್4 ರ‍್ಯಾಮ್ ಬೇಕಾಗುತ್ತದೆ. ನಿಮ್ಮ 1050 ಟಿಐ ಹಾಗೆಯೇ ನಡೆಯುತ್ತದೆ. ಎಫ್ ಇರುವ ಚಿಪ್‌ಗೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಮಾರಿಬಿಟ್ಟೀರಿ ಜೋಕೆ.

ಮಡಿಕೇರಿಯಿಂದ:
ಒಪ್ಪಿದೆ, ಆದರೆ ಅದು ಆರು ಸಾವಿರದ ಮಾತಲ್ಲ. ಹಳೆಯ ಆಟಗಳೇ ಸಾಕಾದರೆ ಅಗ್ಗದ 2600. ಹೊಸದು ಬೇಕಾದರೆ 1155ಕ್ಕೆ ಇನ್ನೊಂದು ರೂಪಾಯಿಯನ್ನೂ ಸುರಿಯಬೇಡಿ.

ಸುಂಟಿಕೊಪ್ಪದಿಂದ:
2600 ಎರಡು ಸಾವಿರಕ್ಕೆ ಸಿಕ್ಕಿತು. ಹಾಕಿದ ಕೂಡಲೇ ಎದ್ದಿತು. ಪೇಟೆಯೊಳಗಿನ ತಡವರಿಕೆ ಬಹುಪಾಲು ಹೋಗಿದೆ, ಬಿಸಿ 74 ದಾಟಿಲ್ಲ. ಉಳಿದ ಹಣ 12100ಎಫ್ ಲೆಕ್ಕಕ್ಕೆ ಎತ್ತಿಟ್ಟಿದ್ದೇನೆ. ತೊಂದರೆ ಒಂದೇ: ಕಂಪ್ಯೂಟರ್ ಚುರುಕಾಗಿರುವುದನ್ನು ನೋಡಿ ಅಪ್ಪ ಅದನ್ನು ಮತ್ತೆ ಲೆಕ್ಕದ ಮೇಜಿಗೆ ಕೇಳುತ್ತಿದ್ದಾರೆ.