ಡಿಡಿಎಸ್ ಸಿಗ್ನಲ್ ಜನರೇಟರ್: ಔಟ್‌ಪುಟ್ ಆಪ್-ಆಂಪ್ ಬದಲಿಸಬೇಕಾ, ಪವರ್ ಸಪ್ಲೈನಾ?

ಮಂಡ್ಯ_ಲ್ಯಾಬ್:
ನಮಸ್ಕಾರ. ಪಾಲಿಟೆಕ್ನಿಕ್ ಲ್ಯಾಬಿನ 60 ಮೆಗಾಹರ್ಟ್ಸ್, ಎರಡು ಚಾನೆಲ್ಲಿನ ಅಗ್ಗದ ಡಿಡಿಎಸ್ ಜನರೇಟರ್ (ಅಲೆಗಳನ್ನ ಡಿಜಿಟಲ್ ಆಗಿ ಹುಟ್ಟಿಸೋದು). ಪ್ಲಾಸ್ಟಿಕ್ ಡಬ್ಬಿ, ಹಿಂದೆ ಎರಡೇ ಪಿನ್ನಿನ ಸಾಕೆಟ್, ಒಳಗೆ +5, +12, −12 ವೋಲ್ಟ್ ಕೊಡೋ ಸಣ್ಣ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ). ಔಟ್‌ಪುಟ್ಟಿನ ಬಿಎನ್‌ಸಿ ಕನೆಕ್ಟರಿನ ಹೊರಮೈ ಮುಟ್ಟಿದ್ರೆ ಜುಮ್ ಅನ್ನುತ್ತೆ, ಅಲ್ಲಿಂದ ಅರ್ತಿಂಗಿಗೆ ಮೀಟರ್ 90 ವೋಲ್ಟ್ ಎಸಿ ತೋರಿಸುತ್ತೆ. 10 ಮೆಗಾಹರ್ಟ್ಸ್ ಇಟ್ಟರೆ ಕೌಂಟರಿನಲ್ಲಿ 310 ಹರ್ಟ್ಸ್ ಜಾಸ್ತಿ, ಬಿಸಿಯಾದಂತೆ ಅದೂ ಸರೀತಾ ಹೋಗುತ್ತೆ. 20 ವೋಲ್ಟ್ ಪೀಕ್-ಟು-ಪೀಕ್ ಇಟ್ಟು ಲೋಡ್ ಕೊಟ್ಟರೆ ಸೈನ್ ಅಲೆಯ ತಲೆ ಚಪ್ಪಟೆ. ಔಟ್‌ಪುಟ್ ಆಪ್-ಆಂಪ್ (ಕೊನೇ ಆಂಪ್ಲಿಫೈಯರ್ ಐಸಿ) ಕಿತ್ತು ಟಿಎಚ್‌ಎಸ್3091 ಅನ್ನೋ ಐಸಿ ಹಾಕೋಣ ಅಂತಿದ್ದೀನಿ. ಸರೀನಾ?

ಕುವೆಂಪುನಗರ_ಬೆಂಚ್:
ಆಪ್-ಆಂಪ್ ಕೊನೆಗಿರಲಿ ಸರ್, ಮೊದಲು ಆ 90 ವೋಲ್ಟಿನ ವಿಚಾರ.

ಎಸ್‌ಎಂಪಿಎಸ್‌ನಲ್ಲಿ ಪ್ರೈಮರಿಗೂ (ಮೇನ್ಸ್ ಬದಿ) ಸೆಕೆಂಡರಿಗೂ (ಔಟ್‌ಪುಟ್ ಬದಿ) ನಡುವೆ ಒಂದು ನೀಲಿ ಬಿಲ್ಲೆ ಇರುತ್ತೆ, ವೈ-ಕೆಪಾಸಿಟರ್, ಸಾಮಾನ್ಯವಾಗಿ 2.2 ನ್ಯಾನೋಫ್ಯಾರಡ್. ಅರ್ತಿಂಗ್ ಇಲ್ಲದಿದ್ದಾಗ ಔಟ್‌ಪುಟ್ಟಿನ ಸೊನ್ನೆ ವೋಲ್ಟ್ ಗೆರೆ ಇದರ ಮೂಲಕ ಮೇನ್ಸಿನ ಅರ್ಧಕ್ಕೆ, ಅಂದ್ರೆ 115 ವೋಲ್ಟಿನ ಆಸುಪಾಸಿಗೆ ತೇಲುತ್ತೆ. ಹರಿಯೋದು 80 ಮೈಕ್ರೋಆಂಪಿಯರ್ ಅಷ್ಟೇ, ಮನುಷ್ಯರಿಗೆ ಜುಮ್ ಅನ್ನೋಷ್ಟು. ಆದ್ರೆ ಕಪ್ಪು ಕ್ಲಿಪ್ಪಿಗಿಂತ ಮೊದಲು ಕೆಂಪು ಕ್ಲಿಪ್ ಮಾಸ್‌ಫೆಟ್ ಗೇಟಿಗೋ ಸಿಮಾಸ್ ಐಸಿ ಪಿನ್ನಿಗೋ ತಗುಲಿತು ಅಂದ್ರೆ ಅದರ ಕಥೆ ಮುಗೀತು.

ಖಾತ್ರಿ ಮಾಡ್ಕೊಳ್ಳೋಕೆ ಬಿಎನ್‌ಸಿ ಹೊರಮೈಗೂ ಅರ್ತಿಂಗಿಗೂ ನಡುವೆ 10 ಕಿಲೋಓಮ್ ರೆಸಿಸ್ಟರ್ ಇಟ್ಟು ಅದರ ಮೇಲೆ ಅಳೀರಿ. 1 ವೋಲ್ಟಿನೊಳಗೆ ಬಿದ್ದರೆ ಬರೀ ಈ ಸೋರಿಕೆ. ಬೀಳದಿದ್ರೆ ಇನ್ಸುಲೇಷನ್ ಹೋಗಿದೆ, ಪ್ಲಗ್ ಕೀಳಿ.

ಎರಡು ಪಿನ್ನಿನದು ತೆಗೆದು ಮೂರು ಪಿನ್ನಿನ ಐಇಸಿ ಸಾಕೆಟ್ ಕೂರಿಸಿ, ಕಂಪ್ಯೂಟರಿಗೆ ಬರೋ ಥರದ್ದು. ಪ್ಲಾಸ್ಟಿಕ್ಕನ್ನ ಸುಮಾರು 27ಕ್ಕೆ 20 ಮಿಲಿಮೀಟರ್ ಆಗೋವರೆಗೆ ಅರದಲ್ಲಿ ಉಜ್ಜಬೇಕು. ಅರ್ತಿಂಗ್ ಪಿನ್ನಿಂದ ಹಸಿರು ವೈರು ನೇರ ಸೆಕೆಂಡರಿ ಕಾಮನ್‌ಗೆ, ಅಂದ್ರೆ ಆ ಸೊನ್ನೆ ವೋಲ್ಟ್ ಗೆರೆಗೆ. ಗ್ರೌಂಡ್ ಲೂಪ್ ತಪ್ಪಿಸೋಕೆ ಅಂತ ಮಧ್ಯೆ 1 ಕಿಲೋಓಮ್ ಹಾಕೋರಿದ್ದಾರೆ. ಲ್ಯಾಬಿನಲ್ಲಿ ಬೇಡ: ವೈ-ಕೆಪಾಸಿಟರ್ ಶಾರ್ಟ್ ಆದ ದಿನ ಆ ರೆಸಿಸ್ಟರ್ 50 ವ್ಯಾಟ್ ನುಂಗಿ ಸುಟ್ಟು ತೆರೆದುಕೊಳ್ಳುತ್ತೆ, ಆಮೇಲೆ ಬಿಎನ್‌ಸಿ ಮೇಲೆ ಮೇನ್ಸ್. ಗೋಡೆಯ ಸಾಕೆಟ್ಟಿನ ಅರ್ತಿಂಗ್ ಜೀವಂತ ಇದೆಯಾ ಅಂತಲೂ ನೋಡಿ. ಮುಚ್ಚಳ ತೆಗೆದಾಗ ಪ್ರೈಮರಿಯ ದಪ್ಪ ಕೆಪಾಸಿಟರ್ ಮೇಲೆ 325 ವೋಲ್ಟ್ ಡಿಸಿ ಉಳಿದಿರಬಹುದು. ಮೀಟರಿನಲ್ಲಿ ನೋಡದೆ ಕೈ ಹಾಕಬೇಡಿ.

ಪಟ್ಟಣದ_ಆರ್‌ಎಫ್:
ಚಪ್ಪಟೆ ತಲೆಗೆ ಆಪ್-ಆಂಪೇ ಕಾರಣ ಅಂತ ಯಾರು ಹೇಳಿದ್ರು? ಒಳಗೆ 50 ಓಮ್, ಹೊರಗೆ 50 ಓಮ್ ಲೋಡ್. 20 ವೋಲ್ಟ್ ಪೀಕ್-ಟು-ಪೀಕ್‌ಗೆ ಅದು ±10 ವೋಲ್ಟ್ ತೂಗಬೇಕು, 100 ಮಿಲಿಆಂಪಿಯರ್ ಪೀಕ್ ಕೊಡಬೇಕು. ಎರಡು 100 ಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್ ಪ್ಯಾರಲಲ್ ಮಾಡಿ ಲೋಡ್ ಹಾಕಿ (ಕಾಲು ವ್ಯಾಟಿನ ಒಂದೇ ರೆಸಿಸ್ಟರ್ ಆದ್ರೆ ಮಿತಿಗೇ ಬರುತ್ತೆ, ಬಿಸಿಯಾಗಿ ಬೆಲೆ ಜರುಗುತ್ತೆ). 1 ಕಿಲೋಹರ್ಟ್ಸ್‌ನಲ್ಲಿ ಎರಡೂ ಚಾನೆಲ್ ಪೂರ್ತಿ ಏರಿಸಿ, ಆಪ್-ಆಂಪಿನ ಸಪ್ಲೈ ಪಿನ್ ಮೇಲೆ ಸ್ಕೋಪ್ ಇಡಿ. 1 ಕಿಲೋಹರ್ಟ್ಸ್‌ನಲ್ಲೂ ಚಪ್ಪಟೆಯಾದ್ರೆ ಅದು ಸ್ಲೂ ರೇಟ್ (ಔಟ್‌ಪುಟ್ ವೋಲ್ಟೇಜ್ ಬದಲಾಗಬಲ್ಲ ಗರಿಷ್ಠ ವೇಗ) ಅಲ್ಲ, ಸಪ್ಲೈ. ಮೆಗಾಹರ್ಟ್ಸ್‌ಗಳಲ್ಲಿ ಸೈನ್ ತ್ರಿಕೋನವಾದ್ರೆ ಆಗ ಸ್ಲೂ ರೇಟ್ ಲೆಕ್ಕ: 20 ಮೆಗಾಹರ್ಟ್ಸ್‌ಗೆ, ಅದೇ ±10 ವೋಲ್ಟಿಗೆ, ಮೈಕ್ರೋಸೆಕೆಂಡಿಗೆ 1257 ವೋಲ್ಟ್ ಬೇಕು.

ಟಿಎಚ್‌ಎಸ್3091 ಹಾಕೋದೇ ಆದ್ರೆ ಒಂದು ಮಾತು. ಅದು ಕರೆಂಟ್ ಫೀಡ್‌ಬ್ಯಾಕ್ ಜಾತಿ. ಫೀಡ್‌ಬ್ಯಾಕ್ ರೆಸಿಸ್ಟರ್ ಡೇಟಾಶೀಟ್ ಹೇಳಿದಷ್ಟೇ ಇರಬೇಕು, ಅದರ ಮೇಲೆ ಹಳೇ ಬೋರ್ಡಿನ ಸಣ್ಣ ಕೆಪಾಸಿಟರ್ ಉಳಿದಿದ್ರೆ ಆಸಿಲೇಟ್ ಆಗುತ್ತೆ, ತೆಗೀರಿ. ಹೊಟ್ಟೆಯಡಿಯ ಲೋಹದ ಪ್ಯಾಡಿಗೂ ಬೆಸುಗೆ ಬೀಳಬೇಕು, ಇಲ್ಲದಿದ್ರೆ ಸುಡುತ್ತೆ.

ಮಂಡ್ಯ_ಲ್ಯಾಬ್:
ನೋಡಿದೆ. 1 ಕಿಲೋಹರ್ಟ್ಸ್‌ನಲ್ಲೂ ಚಪ್ಪಟೆ. ಲೋಡ್ ಇಲ್ಲದಾಗ 12.3 ಇದ್ದದ್ದು ಲೋಡ್ ಕೊಟ್ಟಾಗ 11.1 ವೋಲ್ಟ್. 10 ಕಿಲೋಓಮ್ ಪರೀಕ್ಷೆಯಲ್ಲಿ 0.7. ಹಾಗಾದ್ರೆ 12-0-12 ಟ್ರಾನ್ಸ್‌ಫಾರ್ಮರ್ ಹಾಕಿ ಲೀನಿಯರ್ ಸಪ್ಲೈ ಮಾಡಲಾ?

ಕುವೆಂಪುನಗರ_ಬೆಂಚ್:
ಅಲ್ಲಿಗೆ ಆಪ್-ಆಂಪ್ ಪಾಪ ನಿರಪರಾಧಿ. ಇಂಥ ಎಸ್‌ಎಂಪಿಎಸ್ ಹೆಚ್ಚಾಗಿ 5 ವೋಲ್ಟನ್ನ ಮಾತ್ರ ಹಿಡಿದಿಡುತ್ತೆ, ±12 ಅದರ ಬಾಲ ಹಿಡಿದು ಬರುತ್ತೆ.

12-0-12 ಸಾಲದು. ಬೇಸಿಗೆ ಸಂಜೆ ಪಂಪ್‌ಸೆಟ್ ಲೈನಿನಲ್ಲಿ ಮೇನ್ಸ್ 190ಕ್ಕೆ ಇಳಿದರೆ, ಪೀಕ್ 14 ವೋಲ್ಟ್, ಡಯೋಡ್ ತಿನ್ನೋದು 0.9, 2200 ಮೈಕ್ರೋಫ್ಯಾರಡ್ ಮೇಲೆ 0.3 ಆಂಪಿಯರ್ ರಿಪಲ್ 1.4. ಉಳಿಯೋದು 11.7. +12 ವೋಲ್ಟ್ ರೆಗ್ಯುಲೇಟರ್ 7812ಕ್ಕೆ ಕನಿಷ್ಠ 14 ಬೇಕು. 15-0-15, 1 ಆಂಪಿಯರಿನದು ತಗೊಳ್ಳಿ, ಕೆಪಾಸಿಟರ್ 2200 ಮೈಕ್ರೋಫ್ಯಾರಡ್ 35 ವೋಲ್ಟ್. ಮೇನ್ಸ್ 250ಕ್ಕೆ ಏರಿದಾಗ ಒಂದೊಂದು ರೆಗ್ಯುಲೇಟರ್ 3 ವ್ಯಾಟಿನಷ್ಟು ಬಿಸಿ ಕಾರುತ್ತೆ, ಹೀಟ್‌ಸಿಂಕ್ ಬೇಕೇ ಬೇಕು. −12 ವೋಲ್ಟಿನ 7912ರ ಬೆನ್ನು ಗ್ರೌಂಡ್ ಅಲ್ಲ, ಇನ್‌ಪುಟ್. 7812 ಜೊತೆ ಒಂದೇ ಹೀಟ್‌ಸಿಂಕಿಗೆ ಮೈಕಾ ವಾಷರ್ ಇಲ್ಲದೆ ಬಿಗಿದರೆ ನೆಗೆಟಿವ್ ಸಪ್ಲೈ ನೇರ ಶಾರ್ಟ್.

5 ವೋಲ್ಟಿಗೆ ಹಳೇ ಎಸ್‌ಎಂಪಿಎಸ್ಸನ್ನೇ ಉಳಿಸಿಕೊಳ್ಳಬಹುದು, ಆದ್ರೆ ವೈ-ಕೆಪಾಸಿಟರ್ ಉಳಿಯುತ್ತೆ, ಹಾಗಾಗಿ ಅರ್ತಿಂಗ್ ಕೆಲಸ ತಪ್ಪಲ್ಲ. ಟ್ರಾನ್ಸ್‌ಫಾರ್ಮರ್ ಆ ಡಬ್ಬಿಯೊಳಗೆ ಹಿಡಿಸೋದು ಅನುಮಾನ. ಪ್ರತ್ಯೇಕ ಪೆಟ್ಟಿಗೆಯಲ್ಲಿ ಇಟ್ಟರೆ ಬೋರ್ಡಿಗೆ ಬಿಸಿಯೂ ಕಡಿಮೆ. ಅದು ತಗಡಿನ ಪೆಟ್ಟಿಗೆಯಾದ್ರೆ ತಗಡಿಗೂ ಅರ್ತಿಂಗ್.

ಪಟ್ಟಣದ_ಆರ್‌ಎಫ್:
310 ಹರ್ಟ್ಸ್ ಅಂದ್ರೆ 31 ಪಿಪಿಎಂ (ಹತ್ತು ಲಕ್ಷಕ್ಕೆ 31), ಸಾದಾ ಕ್ರಿಸ್ಟಲ್ ಆಸಿಲೇಟರಿನ ಸಹಜ ಗುಣ. ಮೊದಲು ನಿಮ್ಮ ಕೌಂಟರನ್ನೇ ಜಿಪಿಎಸ್ ಮಾಡ್ಯೂಲಿನ ಸೆಕೆಂಡ್ ಪಲ್ಸಿಗೆ ಹೋಲಿಸಿ ನೋಡಿ, ತಪ್ಪು ಅದರದ್ದೂ ಇರಬಹುದು. ಬದಲಿಸೋದಾದ್ರೆ ಅದೇ ಫ್ರೀಕ್ವೆನ್ಸಿಯ, ಅದೇ ವೋಲ್ಟೇಜಿನ 1 ಪಿಪಿಎಂ ಟಿಸಿಎಕ್ಸ್‌ಒ (ಬಿಸಿ-ತಂಪಿಗೆ ತನ್ನನ್ನೇ ಸರಿಪಡಿಸಿಕೊಳ್ಳೋ ಆಸಿಲೇಟರ್). ಆರ್ಡರ್ ಮಾಡುವಾಗ ಸಿಮಾಸ್ ಔಟ್‌ಪುಟ್ ಅಂತ ಓದಿ ತಗೊಳ್ಳಿ. ಕ್ಲಿಪ್ಡ್ ಸೈನ್ ಬಂದರೆ 0.8 ವೋಲ್ಟ್ ಮಾತ್ರ ಕೊಡುತ್ತೆ, ಒಳಗಿನ ಎಫ್‌ಪಿಜಿಎ (ಅಲೆ ಹುಟ್ಟಿಸೋ ಡಿಜಿಟಲ್ ಚಿಪ್) ಎಚ್ಚರವೇ ಆಗಲ್ಲ. ಸಪ್ಲೈ ಕೆಲಸ ಮುಗಿಸಿ, ಅರ್ಧ ಗಂಟೆ ಬಿಸಿಯಾದ ಮೇಲೆ ಮುಚ್ಚಳ ಹಾಕಿಯೇ ಅಳೀರಿ. ತೆರೆದ ಡಬ್ಬಿಯಲ್ಲಿ ಫ್ಯಾನ್ ಗಾಳಿಗೆ ಬರೋ ಅಳತೆ ಲೆಕ್ಕಕ್ಕಿಲ್ಲ.