ಅಪ್‌ಡೇಟ್: ಕಂಪ್ರೆಷನ್ ಏರಿಸಿದ ಎಸ್ಟೀಮ್‌ಗೆ ಯಾವ ಪ್ಲಗ್ ಹಾಕಿದೆ

ಎಂಜಿನ್ ಹೆಡ್‌ನ ತಳ ತುಸು ಉಜ್ಜಿಸಿ (ಸ್ಕಿಮ್) ಕಂಪ್ರೆಷನ್ ಅನುಪಾತ 10.5ಕ್ಕೆ ಏರಿಸಿದ ನನ್ನ ಹಳೇ ಮಾರುತಿ ಎಸ್ಟೀಮ್ ಕಾರಿಗೆ ಎನ್‌ಜಿಕೆ ಕಂಪನಿಯ ಸ್ಪಾರ್ಕ್ ಪ್ಲಗ್‌ನಲ್ಲಿ ಹೀಟ್ ರೇಂಜ್ ನಂಬರ್ 6ರಲ್ಲೇ ಇರಲೋ, 7ಕ್ಕೋ 8ಕ್ಕೋ ಹೋಗಲೋ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

7ಕ್ಕೆ ಹೋದೆ, ಬಿಕೆಆರ್7ಇ. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್, ಅಂದ್ರೆ ತುದಿಯ ಬಿಸಿಯನ್ನ ಬೇಗ ಹೊರಗೆ ಸಾಗಿಸುತ್ತೆ; ಬಾಷ್ ಕಂಪನಿಯ ಪ್ಲಗ್‌ನಲ್ಲಿ ಪೂರ್ತಿ ಉಲ್ಟಾ. ಅಂಗಡಿಯಲ್ಲಿ ಬರೀ 'ಏಳು ಕೊಡಿ' ಅಂದು ಬಂದುಬಿಡಬೇಡಿ.

ಪ್ಲಗ್ ತುದಿಯಲ್ಲಿ ಕಿಡಿ ಹಾರೋ ಗ್ಯಾಪ್ 1.1ರಿಂದ 0.8 ಮಿಮೀಗೆ ಇಳಿಸಿದೆ. ಒತ್ತಡ ಜಾಸ್ತಿಯಾದಷ್ಟೂ ಕಿಡಿ ಹಾರೋಕೆ ಹೆಚ್ಚು ವೋಲ್ಟೇಜ್ ಬೇಕು, ಆ ವೋಲ್ಟೇಜ್ ಕೊಡೋ ಹಳೇ ಇಗ್ನಿಷನ್ ಕಾಯಿಲ್‌ಗೆ ಅದು ಭಾರ. ಮೇಲಿನ ಆರ್‌ಪಿಎಂನಲ್ಲಿ ಆಗ್ತಿದ್ದ ಮಿಸ್‌ಫೈರ್ (ಇಂಧನ ಹೊತ್ತಿಕೊಳ್ಳದೇ ಹೋಗೋದು) ಇದರಿಂದಲೇ ಹೋಯ್ತು.

ಪಿಂಗಿಂಗ್, ಅಂದ್ರೆ ಇಂಧನ ತಾನೇ ಸಿಡಿದು ಎಂಜಿನ್‌ನಲ್ಲಿ ಬರೋ ಟಿಣ್ ಟಿಣ್ ಸದ್ದು, ಮಾತ್ರ ಪ್ಲಗ್‌ನಿಂದ ಹೋಗಲಿಲ್ಲ. ಮೊದಲಿದ್ದ 6 ನಂಬರ್ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದಾಗ ತುದಿಯ ಬಿಳಿ ಪಿಂಗಾಣಿ ಮೇಲೆ ಕರಿಮೆಣಸಿನ ಪುಡಿ ಥರ ಚುಕ್ಕೆ, ನಡುವೆ ಮಿಣಮಿಣ ಅನ್ನೋ ಅಲ್ಯೂಮಿನಿಯಂ ಕಣ. ಪಿಸ್ಟನ್ ಸವೆಯೋಕೆ ಶುರುವಾಗಿತ್ತು ಅಂತಲೇ ಅರ್ಥ. ಕಿಡಿ ಹಾರೋ ಟೈಮಿಂಗ್ ಸ್ವಲ್ಪ ರಿಟಾರ್ಡ್ (ತಡ) ಮಾಡಿ, 95 ಆಕ್ಟೇನ್ ಪೆಟ್ರೋಲ್ ಹಾಕಿದ ಮೇಲೆ ಸದ್ದು ನಿಂತಿತು. ಈಗ ಪಿಂಗಾಣಿ ಬಿಸ್ಕತ್ ಬಣ್ಣಕ್ಕಿದೆ, ಅಂದ್ರೆ ಸರಿಯಾಗಿದೆ.

8 ಹಾಕಿ ಅಂದವರಿಗೆ: ಟ್ರ್ಯಾಕ್‌ಗಾದ್ರೆ ಸರಿ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಐಡ್ಲಿಂಗ್ ಮಾಡೋ ಕಾರಲ್ಲಿ ಅಷ್ಟು ಕೋಲ್ಡ್ ಪ್ಲಗ್‌ನ ತುದಿ 450 ಡಿಗ್ರಿ ಸೆಲ್ಸಿಯಸ್ ದಾಟೋದೇ ಕಷ್ಟ, ಅಷ್ಟಾಗದೆ ಮಸಿ ಸುಡಲ್ಲ.

ದುಬಾರಿ ಇರಿಡಿಯಂ ತುದಿಯ ಪ್ಲಗ್ ಸದ್ಯಕ್ಕೆ ಬೇಡ ಅಂದುಕೊಂಡೆ. ಬಾಳಿಕೆ ಜಾಸ್ತಿ, ನಿಜ. ಟ್ಯೂನಿಂಗ್ ಮುಗಿಯೋವರೆಗೆ ಪದೇ ಪದೇ ಬಿಚ್ಚಿ ನೋಡೋಕೆ ಅಗ್ಗದ ಕಾಪರ್ ಸಾಕು.