ಟ್ರೇಲ್ ಅಂದರೆ ಹಾದಿಯೋ, ಜಾಡೋ?

ಎಲ್ಲರಿಗೂ ನಮಸ್ಕಾರ.

ಚಿಕ್ಕ ಮಕ್ಕಳಿಗಾಗಿ ಒಂದು ನೇಚರ್ ಡಿಸ್ಕವರಿ ಸೆಂಟರ್ ಮಾಡುತ್ತಿದ್ದೇವೆ. ಅದರ ಹಿಂದೆ ಮರಗಳ ನಡುವೆ ಒಂದು ಟ್ರೇಲ್ ಇರುತ್ತದೆ. ಫಲಕಗಳಿಗೆ ಮಾತು ಬರೆಯುವ ಕೆಲಸ ನನ್ನದು. ಫಲಕಗಳನ್ನು ಮಗುವಿನ ಕಣ್ಣಿನ ಎತ್ತರಕ್ಕೇ ನಿಲ್ಲಿಸುತ್ತಿದ್ದೇವೆ. ಅವುಗಳ ಮೇಲಿನ ಮಾತನ್ನು ಏಳು ವರ್ಷದ ಮಗು ತಾನೇ ಓದಿಕೊಳ್ಳಬೇಕು, ಅಷ್ಟೇ ನನ್ನ ಆಸೆ. ಎರಡು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ.

ಮೊದಲನೆಯದು ಟ್ರೇಲ್. ಕರಡಿನಲ್ಲಿ ‘ನಿಸರ್ಗ ಪಥ’ ಅಂತಿತ್ತು. ನಾನು ‘ಜಾಡು’ ಅಂತ ತಿದ್ದಿದೆ. ಜೊತೆಯವರು ‘ಹಾದಿ’ ಸಾಕು ಅಂದರು. ಮಾರನೆಯ ಬೆಳಿಗ್ಗೆ ಅಲ್ಲೇ ಒಂದು ಕಲ್ಲಿನ ಮೇಲೆ ಬಸವನಹುಳು ಬಿಟ್ಟುಹೋದ ಅಂಟು ಒಣಗಿ, ಬಿಸಿಲಿಗೆ ಬೆಳ್ಳಿ ಗೆರೆಯ ಹಾಗೆ ಮಿನುಗುತ್ತಿತ್ತು. ಅದನ್ನು ಹಾದಿ ಅನ್ನೋಕೆ ಆಗಲ್ಲ, ಅಲ್ವಾ? ಅದು ಜಾಡೇ. ಹಾದಿ ನಾವು ಹೋಗುವುದಕ್ಕೆ, ಜಾಡು ಯಾರೋ ಹೋದದ್ದರ ಗುರುತು. ಇಂಗ್ಲಿಷಿನ ಟ್ರೇಲ್ ಎರಡನ್ನೂ ಒಟ್ಟಿಗೆ ಹೇಳುತ್ತದೆ, ಕನ್ನಡ ಬಿಡಿಸಿ ಹೇಳುತ್ತದೆ. ಹಾಗಾಗಿ ಮಕ್ಕಳು ನಡೆಯುವುದಕ್ಕೆ ‘ಹಾದಿ’, ನಡೆಯುತ್ತಾ ಹುಡುಕುವುದಕ್ಕೆ ‘ಜಾಡು’ ಅಂತ ಇಡೋಣವೆಂದಿದ್ದೇನೆ: ಕೆಸರಿನಲ್ಲಿ ಹಕ್ಕಿಯ ಕಾಲಿನ ಅಚ್ಚು, ಹುಳು ಕಡಿದ ಎಲೆಯಂಚು. ನಿಮ್ಮ ಕಿವಿಗೆ ಸರಿ ಕೇಳುತ್ತದೆಯೇ?

ಹಾದಿ ಸುತ್ತಿ ಬಂದು ಹೊರಟಲ್ಲಿಗೇ ಸೇರುತ್ತದೆ. ಅದಕ್ಕೆ ‘ಬಳಸುದಾರಿ’ ಚೆನ್ನಾಗಿದೆ. ನಡುವೆ ಒಡೆಯುವ ಚಿಕ್ಕ ದಾರಿಗೆ ಯಾರೋ ‘ಅಡ್ಡದಾರಿ’ ಅಂತ ಬರೆದಿದ್ದರು. ಮಗು ಅಡ್ಡದಾರಿ ಹಿಡಿಯಿತು ಅಂದರೆ ಅರ್ಥವೇ ಬೇರೆ! ‘ಕವಲುದಾರಿ’ ಮಾಡಿಸಿದೆ.

ಎರಡನೆಯದು ಡಿಸ್ಕವರಿ. ‘ಅನ್ವೇಷಣಾ ಕೇಂದ್ರ’ದಲ್ಲಿ ಮಗು ಮೊದಲ ಒತ್ತಕ್ಷರಕ್ಕೇ ತಡವರಿಸುತ್ತದೆ. ‘ಆವಿಷ್ಕಾರ’ ಈಗ ಜಾಸ್ತಿ ಹೊಸ ಯಂತ್ರಗಳಿಗೇ ಬಳಕೆಯಾಗುತ್ತಿದೆ. ಮನೆಮಾತಿನ ‘ಕಂಡುಹಿಡಿ’ ನನಗೆ ತುಂಬ ಇಷ್ಟ. ಮೊದಲು ಕಣ್ಣು, ಆಮೇಲೆ ಕೈ. ಕಲ್ಲೆತ್ತಿ ನೋಡುವ ಮಗು ಮಾಡುವುದೂ ಅದನ್ನೇ. ಆದರೆ ‘ಕಂಡುಹಿಡಿಯುವ ಕೇಂದ್ರ’ ಉದ್ದವಾಯಿತು. ಆಡುಮಾತು, ಸುಡುಬಿಸಿಲು ಇವುಗಳ ಹಾಗೆ ‘ಹುಡುಕುಮನೆ’ ಅಂತ ಕಟ್ಟಿ ನೋಡಿದೆ. ಒಬ್ಬರು ಬಾಡಿಗೆ ಮನೆ ಹುಡುಕಿದ ಹಾಗಿದೆ ಅಂದರು. ಇದಕ್ಕಿಂತ ಒಳ್ಳೆಯದು ಹೊಳೆದರೆ ದಯವಿಟ್ಟು ತಿಳಿಸಿ.

ಇನ್ನೊಂದು ಪ್ರಶ್ನೆ: ನಿಮ್ಮ ಕಡೆ ಮಕ್ಕಳ ಬಾಯಲ್ಲಿ ‘ಜಾಡು’ ಇದೆಯೇ, ಇಲ್ಲ ಕಳ್ಳರ ಜಾಡು ಹಿಡಿದ ಸುದ್ದಿಯಲ್ಲಿ ಮಾತ್ರ ಉಳಿದಿದೆಯೇ?